ಯಾವ ಸಿನಿಮಾದ ಅಜ್ಜ?

ನಾನು ಬರೆದ ಅಜ್ಜನ ಚಿತ್ರವನ್ನು ಅಮ್ಮನಿಗೆ ವಾಟ್ಸ್ಆ್ಯಪ್ ಮಾಡಿದ್ದೆ. ಐದು ನಿಮಿಷಕ್ಕೆ ಉತ್ತರ ಬಂತು: 'ಚೆನ್ನಾಗಿದೆ ಕಣೋ. ಯಾವ ಸಿನಿಮಾದ್ದು?'

ಎದೆ ಧಸಕ್ಕೆಂದಿತು. ಅದು ಯಾವ ಸಿನಿಮಾದ್ದೂ ಅಲ್ಲ, ನನ್ನದು. ಅನಿಮೇಶನ್‌ಗೆ ಬಂದು ಆರು ವರ್ಷಕ್ಕೆ ನನ್ನ ಪಾಲಿಗೆ ಸಿಕ್ಕ ಮೊದಲ ಸ್ವಂತ ಪಾತ್ರ. ಮಕ್ಕಳ ಕಿರುಚಿತ್ರಕ್ಕೆ ಹಳ್ಳಿಯ ಅಜ್ಜನೊಬ್ಬ ಬೇಕಿತ್ತು. ತೀರಿಹೋದ ನಮ್ಮಜ್ಜನನ್ನೇ, ಅಂದರೆ ಅಮ್ಮನ ಅಪ್ಪನನ್ನೇ ನೆನೆಸಿಕೊಂಡು ಬರೆದಿದ್ದೆ. ಅವರ ಮಗಳಿಗೇ ಗುರುತು ಸಿಗಲಿಲ್ಲ!

ಮತ್ತೆ ನೋಡಿದೆ. ದೊಡ್ಡ ಕಣ್ಣು, ಗುಂಡು ಮೂಗು, ಕಿವಿತನಕ ನಗು. ಪಂಚೆ ಬಿಚ್ಚಿ ಪ್ಯಾಂಟು ತೊಡಿಸಿದರೆ ಅಮೆರಿಕದ ಯಾವ ಅಜ್ಜನಾದರೂ ಆಗಬಹುದು. ಆಶ್ಚರ್ಯವೇನಿಲ್ಲ ಬಿಡಿ. ಹೊರದೇಶದ ಕೆಲಸ ಇಲ್ಲಿಗೆ ಬಂದಾಗ ಜೊತೆಗೊಂದು ಮಾಡೆಲ್ ಶೀಟ್ ಬರುತ್ತೆ. ಪಾತ್ರ ಮುಂದಿನಿಂದ, ಪಕ್ಕದಿಂದ, ಹಿಂದಿನಿಂದ ಹೇಗಿರಬೇಕು ಅಂತ ಬರೆದ ಹಾಳೆ. ನಮ್ಮ ಗೆರೆ ಕೂದಲೆಳೆಯಷ್ಟು ಆಚೀಚೆ ಆದರೂ ವಾಪಸ್. ಆರು ವರ್ಷ ಹೀಗೆ ಪಳಗಿದ ಕೈಗೆ ಸ್ವಂತ ಬುದ್ಧಿ ಎಲ್ಲಿಂದ ಬರಬೇಕು?

ಇನ್ಮೇಲೆ ಯಾರ ಚಿತ್ರವನ್ನೂ ನೋಡಲ್ಲ ಅಂದೆ. ಟೀಮಿನ ಹಿರಿಯರೊಬ್ಬರು ನಕ್ಕರು. 'ನೀನು ನೋಡಿರೋದೇ ಕಡಿಮೆ. ಇನ್ನೂ ನೋಡು' ಅಂದರು. ಅವರು ಕೊಟ್ಟ ಉದಾಹರಣೆ ಡಿಸ್ನಿಯದ್ದೇ. 1992ರ 'ಅಲ್ಲಾದಿನ್' ಚಿತ್ರದ ಜೀನಿಗೆ ಎರಿಕ್ ಗೋಲ್ಡ್‌ಬರ್ಗ್ ಸ್ಫೂರ್ತಿ ಪಡೆದದ್ದು ಆಲ್ ಹರ್ಷ್‌ಫೆಲ್ಡ್ ಗೆರೆಗಳಿಂದ. ಹರ್ಷ್‌ಫೆಲ್ಡ್ ಹೆಸರಾಗಿದ್ದು ನ್ಯೂಯಾರ್ಕಿನ ರಂಗಭೂಮಿ ನಟನಟಿಯರ ಕ್ಯಾರಿಕೇಚರ್‌ಗಳಿಗೆ. ಗೋಲ್ಡ್‌ಬರ್ಗ್ ಅವರಿಂದ ಕಣ್ಣುಮೂಗು ಎತ್ತಿಕೊಳ್ಳಲಿಲ್ಲ, ಬಳುಕಿ ಹರಿಯುವ ಆ ಗೆರೆಯ ಗುಣ ತಗೊಂಡರು. ದೀಪದಿಂದ ಹೊಗೆ ಥರ ಏಳೋನಿಗೆ ಅದಕ್ಕಿಂತ ಒಪ್ಪುವ ಗೆರೆ ಇನ್ಯಾವುದಿದೆ?

ನಾನು ಹಿಡಿದದ್ದು ನಮ್ಮ ಮೈಸೂರಿನ ಆರ್.ಕೆ. ಲಕ್ಷ್ಮಣ್ ಅವರನ್ನು. ಹದಿನೈದು ದಿನ, ರಾತ್ರಿ ಊಟ ಆದ ಮೇಲೆ, ಟ್ಯಾಬ್ಲೆಟ್ ಬದಿಗಿಟ್ಟು ಬ್ರಶ್ಶು, ಕಪ್ಪು ಇಂಕಿನಲ್ಲಿ ಅವರ ಶ್ರೀಸಾಮಾನ್ಯನನ್ನು ನಕಲು ಮಾಡಿದೆ. ಚೌಕುಳಿ ಕೋಟು, ಪಂಚೆ, ಕನ್ನಡಕ, ಪೊದೆ ಮೀಸೆ. ಮೊದಲ ವಾರ ಕೋಟು ಬಂತು, ಮನುಷ್ಯ ಬರಲಿಲ್ಲ. ಆಮೇಲೆ ಹೊಳೆಯಿತು, ಈತ ಮಾತೇ ಆಡಲ್ಲ. ಬಾಯಿ ಮಾಡಬೇಕಾದ ಕೆಲಸವನ್ನೆಲ್ಲ ಮೇಲೇರಿದ ಹುಬ್ಬುಗಳೇ ಮಾಡ್ತವೆ. ನಮ್ಮಜ್ಜನೂ ಹಾಗೇ ಅಲ್ವಾ? ಅವರು ಬಾಯಿಬಿಟ್ಟು ನಕ್ಕದ್ದು ನಾನು ನೋಡೇ ಇಲ್ಲ. ಖುಷಿಯಾದರೆ ಹೆಗಲ ಮೇಲಿನ ಟವಲ್ಲನ್ನು ಎಡದಿಂದ ಬಲಕ್ಕೆ ಹಾಕಿಕೊಳ್ಳೋರು, ಅಷ್ಟೇ. ಅದನ್ನು ಬಿಟ್ಟು ಕಿವಿತನಕ ನಗಿಸಿಬಿಟ್ಟಿದ್ದೆ!

ಒಂದು ಭಾನುವಾರ ಚಿತ್ರಕಲಾ ಪರಿಷತ್ತಿಗೆ ಹೋಗಿ ತೊಗಲುಗೊಂಬೆಗಳ ಮುಂದೆ ನಿಂತೆ. ಈ ಗೊಂಬೆಗಳಲ್ಲಿ ಅಂತಸ್ತಿಗೆ ತಕ್ಕ ಗಾತ್ರ. ದೇವರು, ರಾಜರು ದೊಡ್ಡವರು, ಆಳುಕಾಳು ಚಿಕ್ಕವರು. ಮೊಮ್ಮಗುವಿನ ಕಣ್ಣಲ್ಲಿ ಅಜ್ಜ ರಾಜನೇ ತಾನೆ? ಮನೆಗೆ ಬಂದು ಅಜ್ಜನನ್ನು ಬಾಗಿಲಿಗಿಂತ ಎತ್ತರ ಮಾಡಿದೆ, ಒಳಗೆ ಬರಬೇಕಾದರೆ ಸೊಂಟ ಬಗ್ಗಿಸಲೇಬೇಕು. ಆಸೆಗೆ ಗೊಂಬೆಯ ತೂತಿನ ಚಿತ್ತಾರ, ಬಣ್ಣ ಎಲ್ಲ ಬಳಿದೂ ನೋಡಿದೆ. ಕರಕುಶಲ ಮೇಳದ ಬ್ಯಾಗಿನ ಹಾಗೆ ಕಾಣ್ತು. ಅಳಿಸಿದೆ.

ಕೊನೆಗೆ ಉಳಿದದ್ದು ಒಂದು ಜೊತೆ ಹುಬ್ಬು, ಒಂದು ಟವಲ್ಲು, ಬಾಗಿಲಿಗೆ ಬಾಗಿದ ಉದ್ದದ ಬೆನ್ನು. ಅದರಲ್ಲಿ ಲಕ್ಷ್ಮಣ್ ಎಷ್ಟು, ನಾನೆಷ್ಟು ಅಂತ ಕೇಳಿದರೆ ಲೆಕ್ಕ ಕೊಡೋಕೆ ಬರಲ್ಲ.

ಅಮ್ಮನಿಗೆ ಕಳಿಸಿದೆ. ನೀಲಿ ಟಿಕ್ ಬಂತು, ಉತ್ತರ ಬರಲಿಲ್ಲ. ಅರ್ಧ ಗಂಟೆ ಬಿಟ್ಟು ಫೋನೇ ಮಾಡಿದಳು.

'ಅಲ್ವೋ, ಅಪ್ಪನ ಬಾಯಲ್ಲಿ ಎಲೆಅಡಿಕೆ ಎಲ್ಲೋ?'

ಎಡಗೆನ್ನೆ ಒಂಚೂರು ಉಬ್ಬಿಸಿದೆ.