ಹಗ್ಗ ಎಳೆಯದ ಓಟ

ಈ ಬರಹದಲ್ಲಿ ನಾವು ಅಂದರೆ ಅಣ್ಣ-ತಮ್ಮ ಇಬ್ಬರು. ದೊಡ್ಡವ ಬೆಳಗಾವಿ ಜಿಲ್ಲೆಯ ಒಂದು ತಾಲೂಕಿನಿಂದ ಪತ್ರಿಕೆಗೆ ಸುದ್ದಿ ಕಳಿಸುವವ, ಇದನ್ನು ಬರೆಯುತ್ತಿರುವವನೂ ಅವನೇ. ಸಣ್ಣವ ಕೃಷಿ ಓದಿ, ಈಗ ಬೆಲ್ಜಿಯಂ ದೇಶದ ಗೆಂಟ್ ವಿಶ್ವವಿದ್ಯಾಲಯದಲ್ಲಿ ಮಣ್ಣಿನ ಬಗ್ಗೆ ಸಂಶೋಧನೆ ಮಾಡುವವ. ಹೋದ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಒಂದು ಹಳ್ಳಿಯ ಮ್ಯಾರಥಾನ್‌ನಲ್ಲಿ ಇಬ್ಬರೂ ಕೂಡಿ ಓಡಿದೆವು. ಎಲ್ಲರಿಗಿಂತ ಕೊನೆಗೆ ಬಂದೆವು. ಆ ಕಥೆ ಹೇಳಬೇಕು ಅಂದರೆ ಮೊದಲು ಇನ್ನೊಂದು ಓಟದ ಕಥೆ ಹೇಳಬೇಕು.

ಹದಿನಾಲ್ಕು ವರ್ಷದ ಹಿಂದೆ ಒಂದು ಇಲಾಖೆಯ ಭರ್ತಿಗೆ ನಾವಿಬ್ಬರೂ ಅರ್ಜಿ ಹಾಕಿದ್ದೆವು. 1600 ಮೀಟರ್, ಆರೂವರೆ ನಿಮಿಷ. ನಮ್ಮ ಕಡೆ ಹುಡುಗರಿಗೆ ಓಟ ಅಂದರೆ ಇದೇ. ನಸುಕಿನಲ್ಲಿ ಡಾಂಬರು ರಸ್ತೆ ಮೇಲೆ ಓಡುವವನನ್ನು ಕಂಡರೆ ಜನ ಕೇಳುವುದು ಒಂದೇ ಮಾತು: "ಯಾವ ಭರ್ತಿಗೆ ತಯಾರಿ?"

ಇಬ್ಬರೂ ಒಂದೇ ತಂಡದಲ್ಲಿ ಓಡಿದೆವು. ಸಮಯ ಮುಗಿದ ಕೂಡಲೇ ಗೆರೆಯ ಮೇಲೆ ಹಗ್ಗ ಎಳೆದರು. ಸಣ್ಣವ ಹಗ್ಗದ ಆಚೆ ಇದ್ದ. ದೊಡ್ಡವ ನಾಲ್ಕು ಹೆಜ್ಜೆ ಹಿಂದೆ, ಈಚೆ ಉಳಿದ. ಸಣ್ಣವ ತಿರುಗಿ ನೋಡುತ್ತ ನಿಂತಾಗ ಯಾರೋ ಅವನ ಹೆಗಲು ಹಿಡಿದು ಮುಂದಕ್ಕೆ ನೂಕಿದರು. ಈಚೆ ಉಳಿದವರಿಗೆ ಗೇಟಿನ ದಾರಿ ತೋರಿಸಿದರು.

ಮುಂದೆ ಸಣ್ಣವನೂ ಆ ಕೆಲಸಕ್ಕೆ ಹೋಗಲಿಲ್ಲ. ಕೃಷಿ ಕಾಲೇಜಿನಲ್ಲಿ ಓದು ಮುಂದುವರಿಸಿದ. ದೊಡ್ಡವ ಪತ್ರಿಕೋದ್ಯಮ ಡಿಪ್ಲೊಮಾ ಮಾಡಿದ. ಆದರೆ ಆ ಹಗ್ಗದ ಮಾತು ನಮ್ಮಿಬ್ಬರ ನಡುವೆ ಒಂದು ಸಲವೂ ಬರಲಿಲ್ಲ. ಮನೆಯಲ್ಲಿ ಯಾರಾದರೂ ತೆಗೆದರೆ ಒಬ್ಬ ನೀರು ಕುಡಿಯಲು ಎದ್ದು ಹೋಗುತ್ತಿದ್ದ.

ಹೀಗಿರುವಾಗ ಹೋದ ವರ್ಷ ತಮ್ಮ ಫೋನ್ ಮಾಡಿ, "ಅಣ್ಣಾ, ಹೆಂಗೂ ಇಲ್ಲಿಗೆ ಬರಾಂವ ಇದ್ದಿ. ಒಂದು ಮ್ಯಾರಥಾನ್ ಓಡೂಣು ಬಾ" ಅಂದ.

"ಹುಚ್ಚ ಹಿಡದೈತೇನೋ ನಿನಗ? ನಲವತ್ತೆರಡು ಕಿಲೋಮೀಟರ್!"

ಆಗ ಅವನು ಒಂದು ಹೆಸರು ಹೇಳಿದ. ಫಡೆಪ್ಪ ದರೆಪ್ಪ ಚೌಗುಲೆ, ನಮ್ಮ ಬೆಳಗಾವಿ ಕಡೆಯವರು. 1920ರ ಒಲಿಂಪಿಕ್ಸ್ ನಡೆದದ್ದು ಆಂಟ್‌ವರ್ಪ್‌ನಲ್ಲಿ. ಅದು ಗೆಂಟ್‌ನಂತೆಯೇ ಬೆಲ್ಜಿಯಂನ ಫ್ಲಾಂಡರ್ಸ್ ಭಾಗದ ಊರು. ಅಲ್ಲಿ ಚೌಗುಲೆ ಭಾರತದ ಪರವಾಗಿ ಮ್ಯಾರಥಾನ್ ಓಡಿ, 2 ಗಂಟೆ 50 ನಿಮಿಷ 45 ಸೆಕೆಂಡಿನಲ್ಲಿ ಮುಗಿಸಿ 19ನೆಯವರಾದರು. ಆ ವರ್ಷದ ಓಟ ಈಗಿನ 42.195 ಕಿಲೋಮೀಟರಿಗಿಂತ ಅರ್ಧ ಕಿಲೋಮೀಟರ್ ಹೆಚ್ಚೇ ಇತ್ತು. ಫಿನ್ಲೆಂಡಿನ ಹಾನೆಸ್ ಕೊಲೆಹ್ಮೈನೆನ್ ಗೆದ್ದರು. ಚೌಗುಲೆ ಅವರ ಜೊತೆ ಹೋಗಿದ್ದ ಸದಾಶಿವ ದಾತಾರ್ ಅವರಿಗೆ ಓಟ ಮುಗಿಸಲು ಆಗಲಿಲ್ಲ.

ದೊಡ್ಡವ ಹನ್ನೊಂದು ವರ್ಷದಿಂದ ಇದೇ ಜಿಲ್ಲೆಯ ಸುದ್ದಿ ಬರೆಯುತ್ತಿದ್ದಾನೆ. ಈ ಹೆಸರು ಕೇಳಿದ್ದು ಅವತ್ತೇ ಮೊದಲು. 19ನೆಯವರು ಅಲ್ಲವೇ? ಕ್ರೀಡಾ ಸುದ್ದಿ ಅಂದರೆ ನಾವು ಪ್ರಥಮ, ದ್ವಿತೀಯ, ತೃತೀಯ ಬರೆದು ಪೂರ್ಣವಿರಾಮ ಹಾಕುವವರು.

ನಾಲ್ಕು ತಿಂಗಳು ತಯಾರಿ ನಡೆಯಿತು. ಒಬ್ಬ ಘಟಪ್ರಭಾ ಕಾಲುವೆ ದಂಡೆಯ ಮೇಲೆ, ಇನ್ನೊಬ್ಬ ಗೆಂಟ್‌ನ ಕಾಲುವೆ ದಂಡೆಯ ಮೇಲೆ. ನಮ್ಮೂರಲ್ಲಿ ನಾಯಿಗಳ ಕಾಟ, ಅಲ್ಲಿ ಮಳೆಯ ಕಾಟ. ಎಮ್ಮೆ ಹೊಡೆದುಕೊಂಡು ಹೊರಟ ಕಾಕಾ ಒಬ್ಬರು ದಿನಾ ಕೇಳುತ್ತಿದ್ದರು: "ಏನ್ರೀ ವರದಿಗಾರ್ರ, ಯಾರ ಬೆನ್ನ ಹತ್ಯಾರ?" ಮೂವತ್ತಾರು ವರ್ಷದವನಿಗೆ ಯಾವ ಭರ್ತಿಯೂ ಇಲ್ಲ ಅನ್ನುವುದು ಅವರಿಗೆ ಗೊತ್ತಿತ್ತು. ಹಾಗಾದರೆ ಓಡುವುದು ಯಾಕೆ ಅನ್ನುವುದೇ ತಿಳಿಯುತ್ತಿರಲಿಲ್ಲ. ನಮಗೂ ಪೂರ್ತಿ ತಿಳಿದಿರಲಿಲ್ಲ.

ಬೆಲ್ಜಿಯಂ ಸಣ್ಣ ದೇಶ. ನಮ್ಮ ಬೆಳಗಾವಿಯಂಥ ಎರಡೂಕಾಲು ಜಿಲ್ಲೆ ಸೇರಿಸಿದರೆ ಆ ದೇಶದಷ್ಟು ಆಗುತ್ತದೆ. ಅದರ ಉತ್ತರ ಭಾಗವೇ ಫ್ಲಾಂಡರ್ಸ್, ಅಲ್ಲಿನ ಮಾತು ಡಚ್. ನಾವು ಓಡಬೇಕಾದ ಹಳ್ಳಿ ಪಶ್ಚಿಮದ ತುದಿಯಲ್ಲಿ, ಪೋಪರಿಂಗೆ ಅನ್ನುವ ಪಟ್ಟಣದ ಹತ್ತಿರ. ಶನಿವಾರ ಗೆಂಟ್‌ನಿಂದ ರೈಲು ಹತ್ತಿ, ದಾರಿಯಲ್ಲಿ ಈಪರ್ ಪಟ್ಟಣದಲ್ಲಿ ಇಳಿದೆವು.

ಮೊದಲ ಮಹಾಯುದ್ಧದಲ್ಲಿ ಈಪರ್ ಪೂರ್ತಿ ನೆಲಸಮವಾಗಿತ್ತು. ಈಗ ಇರುವುದು ಮತ್ತೆ ಕಟ್ಟಿದ ಊರು. ಅಲ್ಲಿ ಮೆನಿನ್ ಗೇಟ್ ಅನ್ನುವ ದೊಡ್ಡ ಕಮಾನು ಇದೆ. ಆ ಯುದ್ಧದಲ್ಲಿ ಸತ್ತು, ಗುರುತಿಗೆ ಒಂದು ಗೋರಿಯೂ ಸಿಗದ 54,000ಕ್ಕೂ ಹೆಚ್ಚು ಸೈನಿಕರ ಹೆಸರು ಅದರ ಗೋಡೆಗಳ ಮೇಲೆ ಕೆತ್ತಿದ್ದಾರೆ. ಬ್ರಿಟಿಷರ ಪರವಾಗಿ ಹೋರಾಡಿದ ನಮ್ಮ ದೇಶದ ಸೈನಿಕರ ಹೆಸರೂ ಇವೆ. 1914ರ ಅಕ್ಟೋಬರ್‌ನಲ್ಲಿ ಅವರನ್ನು ಈಪರ್ ಸುತ್ತಲಿನ ಕಂದಕಗಳಿಗೆ ಇಳಿಸಿದ್ದರು. ದಿನಾ ರಾತ್ರಿ ಎಂಟಕ್ಕೆ ಅಲ್ಲಿ ಕಹಳೆ ಊದಿ ನಮನ ಸಲ್ಲಿಸುತ್ತಾರೆ. 1928ರಿಂದ ನಡೆದು ಬಂದ ಪದ್ಧತಿ ಇದು. ಎರಡನೇ ಮಹಾಯುದ್ಧದಲ್ಲಿ ಜರ್ಮನಿ ಆ ಊರನ್ನು ಹಿಡಿದಾಗ ಮಾತ್ರ ನಿಂತಿತ್ತು.

ಕಹಳೆ ಮುಗಿದ ಮೇಲೂ ನಾವು ಕತ್ತೆತ್ತಿ ಹೆಸರು ಓದುತ್ತ ನಿಂತೆವು. ತಮ್ಮ ಅಂದ: "ನೋಡಣ್ಣಾ, ಒಬ್ಬರದೂ ಬಿಟ್ಟಿಲ್ಲ."

ಮರುದಿನ ಭಾನುವಾರ. ಹಳ್ಳಿಯಲ್ಲಿ ಕೆರ್ಮಿಸ್ ನಡೆದಿತ್ತು. ಕೆರ್ಕ್ ಅಂದರೆ ಚರ್ಚು, ಮಿಸ್ ಅಂದರೆ ಪೂಜೆ. ಚರ್ಚಿನ ವಾರ್ಷಿಕ ಪೂಜೆಯಿಂದ ಹುಟ್ಟಿ, ಈಗ ತೊಟ್ಟಿಲು, ತಿಂಡಿ ಅಂಗಡಿ, ಮಕ್ಕಳ ಆಟ ಎಲ್ಲ ಸೇರಿ ಥೇಟು ನಮ್ಮ ಜಾತ್ರೆ. ಅದರ ಜೊತೆಗೇ ಓಟ.

ಶಾಲೆಯ ಹಾಲಿನಲ್ಲಿ ಎರಡು ಮೇಜು ಹಾಕಿ, ನಾಲ್ಕು ಜನ ಹೆಂಗಸರು ಕುಳಿತಿದ್ದರು. ಹೆಸರು ಹೇಳಿದರೆ ನಂಬರಿನ ಚೀಟಿ, ಅಂಗಿಗೆ ಚುಚ್ಚಲು ನಾಲ್ಕು ಪಿನ್ನು. ನಂಬರಿನ ಕೆಳಗೆ ನಮ್ಮ ಹೆಸರು. ವೇದಿಕೆ ಇಲ್ಲ, ಉದ್ಘಾಟನೆ ಇಲ್ಲ, ಶಾಲು ಇಲ್ಲ. ಚರ್ಚಿನ ಮುಂದೆ ಸುಮಾರು ನೂರಿಪ್ಪತ್ತು ಜನ ನಿಂತೆವು. ಅರವತ್ತು ದಾಟಿದ ಅಜ್ಜಿಯರಿದ್ದರು, ಹೊಟ್ಟೆ ಬಂದ ಗಂಡಸರಿದ್ದರು. ಒಬ್ಬರು ಕೈಯೆತ್ತಿ ಮೂರು ಎಣಿಸಿದರು. ಹೊರಟೆವು.

ಹಳ್ಳಿಯ ಸುತ್ತ ಹತ್ತೂವರೆ ಕಿಲೋಮೀಟರಿನ ದಾರಿ, ನಾಲ್ಕು ಸುತ್ತು. ಹೊಲಗಳ ನಡುವೆ ಕಾಂಕ್ರೀಟು ಹಾಸಿದ ಸಣ್ಣ ರಸ್ತೆ. ಎರಡೂ ಬದಿ ನೀರಿನ ಕಾಲುವೆ, ದಂಡೆಗೆ ತಲೆ ಕತ್ತರಿಸಿದ ವಿಲೋ ಮರಗಳ ಸಾಲು. ಗೋವಿನಜೋಳ ಆಳೆತ್ತರ ನಿಂತಿತ್ತು. ಆಲೂಗಡ್ಡೆ ಕೀಳುತ್ತಿದ್ದರು. ಕಬ್ಬಿನ ಸೀಮೆಯಿಂದ ಹೋದ ನಮಗೆ ವಿಚಿತ್ರ ಅನಿಸಿದ್ದು ಸಕ್ಕರೆ ಗಡ್ಡೆ. ಬೀಟ್‌ರೂಟಿನ ಜಾತಿ, ಬಣ್ಣ ಬೆಳ್ಳಗೆ. ಅಲ್ಲಿ ಸಕ್ಕರೆ ಮಾಡುವುದು ಆ ಗಡ್ಡೆಯಿಂದ.

ಇನ್ನೊಂದು ಬೆಳೆ ಹಾಪ್ಸ್. ಬಿಯರಿಗೆ ಕಹಿ ಕೊಡುವ ಹೂವು ಅದು. ಪೋಪರಿಂಗೆ ಅದಕ್ಕೇ ಹೆಸರಾದ ಊರು. ಎತ್ತರದ ಕಂಬ ನೆಟ್ಟು, ತಂತಿ ಕಟ್ಟಿ, ನಮ್ಮ ಎಲೆಬಳ್ಳಿ ತೋಟದ ಹಾಗೆ ಹಬ್ಬಿಸುತ್ತಾರೆ. ಕೊಯ್ಲು ನಡೆದಿತ್ತು, ಗಾಳಿ ತುಂಬ ಅದರದೇ ವಾಸನೆ.

ಆ ನೆಲಕ್ಕೆ ಇನ್ನೊಂದು ಬೆಳೆಯೂ ಇದೆ. ಯುದ್ಧ ಮುಗಿದು ನೂರು ವರ್ಷ ದಾಟಿದರೂ ನೇಗಿಲಿಗೆ ಸಿಡಿಗುಂಡು ಸಿಗುತ್ತಲೇ ಇರುತ್ತವೆ. ರೈತರು ಅದಕ್ಕೆ ಕಬ್ಬಿಣದ ಸುಗ್ಗಿ ಅನ್ನುತ್ತಾರೆ. ಸಿಕ್ಕರೆ ತಿಳಿಸಬೇಕು, ಸೈನ್ಯದ ತಂಡ ಬಂದು ಒಯ್ಯುತ್ತದೆ. ಹೊಲಗಳ ನಡುವೆ ಅಲ್ಲಲ್ಲಿ ಬಿಳಿ ಕಲ್ಲಿನ ಸಣ್ಣ ಸ್ಮಶಾನಗಳು. ಸುತ್ತ ಉಳುಮೆ ಮಾಡುತ್ತಾರೆ, ಅದನ್ನು ಮುಟ್ಟುವುದಿಲ್ಲ.

ದಾರಿ ಕೂಡುವ ಕಡೆಯಲ್ಲೆಲ್ಲ ಒಬ್ಬೊಬ್ಬರು ನಿಂತಿದ್ದರು. ಸಂಬಳದವರಲ್ಲ, ಊರಿನವರೇ. ತೋಳಿಗೆ ಪಟ್ಟಿ, ಕೈಯಲ್ಲಿ ವಾಹನ ನಿಲ್ಲಿಸುವ ಫಲಕ. ಎರಡನೇ ಸುತ್ತಿನಲ್ಲಿ ಆಲೂಗಡ್ಡೆ ತುಂಬಿದ ಟ್ರ್ಯಾಕ್ಟರ್ ಬಂತು. ಫಲಕ ಹಿಡಿದವರು ಶಾಲೆಗೆ ಹೋಗುವ ವಯಸ್ಸಿನ ಮಗಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡ ತಾಯಿ. ಟ್ರ್ಯಾಕ್ಟರಿನವನು ಹಾರ್ನ್ ಹೊಡೆಯಲಿಲ್ಲ. ಇಂಜಿನ್ ಬಂದ್ ಮಾಡಿ, ಇಣುಕಿ, ಎದೆಯ ಮೇಲಿನ ಹೆಸರು ಓದಿ, ತಪ್ಪುತಪ್ಪಾಗಿ ಕೂಗಿ ಚಪ್ಪಾಳೆ ಹೊಡೆದ.

ಮನೆಗಳ ಮುಂದೆ ಕುರ್ಚಿ ಹಾಕಿಕೊಂಡು ಕುಳಿತಿದ್ದ ಮುದುಕರು "ಕೊಮಾನ್! ಕೊಮಾನ್!" ಅನ್ನುತ್ತಿದ್ದರು. ನಮ್ಮ "ನಡೀರಿ, ನಡೀರಿ" ಇದ್ದ ಹಾಗೆ. ನೀರಿನ ಮೇಜಿನಲ್ಲಿ ಬಾಳೆಹಣ್ಣಿನ ತುಂಡು, ಕಿತ್ತಳೆ, ಜೇನು ಹಾಕಿದ ಕಂದು ಕೇಕು.

ಮೂರು ಸುತ್ತು ಹೇಗೋ ಮುಗಿಯಿತು. ನಾಲ್ಕನೆಯದಕ್ಕೆ ಗಾಳಿ ಎದ್ದಿತು. ಅದು ಬಯಲು ಸೀಮೆ, ಸಮುದ್ರವೂ ದೂರವಿಲ್ಲ. ಗಾಳಿ ಎದುರಿಗೆ ಬಂದರೆ ಯಾರೋ ಎದೆಗೆ ಕೈಯಿಟ್ಟು ತಡೆದ ಹಾಗೆ. ಜಿಟಿಜಿಟಿ ಮಳೆಯೂ ಸೇರಿತು. 34ನೇ ಕಿಲೋಮೀಟರಿನಲ್ಲಿ ದೊಡ್ಡವನ ಮೀನಖಂಡ ಹಿಡಿದು ಕಲ್ಲಿನಂತಾಯಿತು. ಅವನು ರಸ್ತೆ ಪಕ್ಕ ಕುಳಿತುಬಿಟ್ಟ. ಸಣ್ಣವನ ಕಾಲು ಚೆನ್ನಾಗಿಯೇ ಇತ್ತು.

"ನೀ ಹೋಗೋ. ನಾ ಹಿಂದ ನಡಕೋತ ಬರ್ತೀನಿ."

ಸಣ್ಣವ ಕೆಳಗೆ ಕುಳಿತು ಕಾಲು ತಿಕ್ಕತೊಡಗಿದ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಮುಖ ಎತ್ತದೆಯೇ ಅಂದ: "ಅವತ್ತು ನಾ ನಿಲ್ಲಬೇಕಾಗಿತ್ತು ಅಣ್ಣಾ."

"ನಿಂತಿದ್ರ ಇಬ್ಬರೂ ಹೊರಗ ಬರ್ತಿದ್ವಿ. ನಿಂದೇನ ತಪ್ಪಿತ್ತು?"

"ಗೊತ್ತೈತಿ. ಆದ್ರೂ ನಿಲ್ಲಬೇಕಾಗಿತ್ತು."

ಹದಿನಾಲ್ಕು ವರ್ಷ ಕಾದಿದ್ದ ಮಾತು ಮುಗಿದದ್ದು ಇಷ್ಟಕ್ಕೇ. ಮಳೆ ಬರುತ್ತಿತ್ತು, ಆಚೆ ಕಡೆ ನಾಲ್ಕು ದಪ್ಪ ಬಿಳಿ ಆಕಳು ನಮ್ಮನ್ನೇ ನೋಡುತ್ತಿದ್ದವು.

ಆಗ ಹಿಂದಿನಿಂದ ಸೈಕಲ್ ಮೇಲೆ ಒಬ್ಬ ಮುದುಕರು ಬಂದರು. ಹಿಂದಿನ ಸೀಟಿಗೆ ಕಸಬರಿಗೆ ಕಟ್ಟಿದ್ದರು. ಅಲ್ಲಿನ ಸೈಕಲ್ ರೇಸುಗಳಲ್ಲಿ ಕೊನೆಗೆ ಬರುವ ವಾಹನಕ್ಕೆ ಕಸಬರಿಗೆ ಗಾಡಿ ಅನ್ನುತ್ತಾರೆ. ಹಿಂದೆ ಬಿದ್ದವರನ್ನು ಗುಡಿಸಿಕೊಂಡು ಹೋಗುವುದು ಅಂತ ಅರ್ಥ. ನಮ್ಮ ಕಥೆ ಮುಗಿಯಿತು ಅಂದುಕೊಂಡೆವು. ತಮ್ಮ ತನಗೆ ಬರುವ ಡಚ್‌ನಲ್ಲಿ, ಎಷ್ಟು ಹೊತ್ತಿನೊಳಗೆ ಮುಟ್ಟಬೇಕು ಅಂತ ಕೇಳಿದ. ಮುದುಕರು ಗಡಿಯಾರ ನೋಡಲೇ ಇಲ್ಲ. "ಸಾರು ಇನ್ನೂ ಬಿಸಿ ಇದೆ. ನೀವು ಬರುವವರೆಗೆ ಯಾರೂ ಮೇಜು ಎತ್ತುವುದಿಲ್ಲ" ಅಂದರು. ಕಸಬರಿಗೆ ಬರೀ ತಮಾಷೆಗೆ ಕಟ್ಟಿದ್ದಂತೆ.

ಅಲ್ಲಿಂದ ಸ್ವಲ್ಪ ಓಟ, ಸ್ವಲ್ಪ ನಡಿಗೆ. ಮುದುಕರು ನಮ್ಮ ಹಿಂದೆ ನಿಧಾನ ಸೈಕಲ್ ತುಳಿಯುತ್ತ ಬಂದರು. ನಾವು ದಾಟಿದ ಮೇಲೆ ಫಲಕ ಹಿಡಿದವರು ಫಲಕ ಮಡಚಿಕೊಂಡು ನಮ್ಮ ಹಿಂದೆಯೇ ಹೊರಟರು. ಚರ್ಚು ಕಂಡಾಗ ನಮ್ಮ ಹಿಂದೆ ಹನ್ನೆರಡು-ಹದಿಮೂರು ಜನರ ಮೆರವಣಿಗೆ ಆಗಿತ್ತು.

5 ಗಂಟೆ 48 ನಿಮಿಷ. ಗೆರೆಯ ಮೇಲೆ ಹಗ್ಗ ಇರಲಿಲ್ಲ. ಸಾರು ಕುಡಿಯುತ್ತ ಕುಳಿತವರು ಬಟ್ಟಲು ಕೆಳಗಿಟ್ಟು ಎದ್ದು ನಿಂತರು. ಮೈಕಿನವರು ನಮ್ಮ ಅಡ್ಡಹೆಸರು ಓದಲು ಮೂರು ಸಲ ಪ್ರಯತ್ನಿಸಿದರು. ಪದಕದ ಜೊತೆ ತಲಾ ಒಂದು ಚೀಲ ಆಲೂಗಡ್ಡೆ ಕೊಟ್ಟರು. ಗೆದ್ದವರಿಗೂ ಅದೇ ಚೀಲ. ಗೋಡೆಗೆ ಫಲಿತಾಂಶದ ಹಾಳೆ ಅಂಟಿಸಿದ್ದರು. ಕೆಳಗೆ ಎರಡು ಸಾಲು ಖಾಲಿ ಬಿಟ್ಟಿದ್ದರು. ಒಬ್ಬ ಹುಡುಗಿ ಬಂದು ಪೆನ್ನಿನಿಂದ ಬರೆದಳು: 117, 118.

ಊರಿಗೆ ಬಂದ ಮೇಲೆ ನಮ್ಮ ತಾಲೂಕಿನ ಒಂದು ಜಾತ್ರೆಯಲ್ಲಿ ಓಟದ ಸ್ಪರ್ಧೆ ಆಯಿತು. ವರದಿಯಲ್ಲಿ ಮೊದಲ ಮೂವರ ಹೆಸರಿನ ಜೊತೆ ಕೊನೆಗೆ ಬಂದ ಹುಡುಗನ ಹೆಸರನ್ನೂ ಬರೆದು ಕಳಿಸಿದೆವು. ಡೆಸ್ಕಿನವರು ಅಷ್ಟು ಸಾಲು ಕತ್ತರಿಸಿದರು. ಅವರಿಗೂ ಜಾಗದ ಕಷ್ಟ ಇದ್ದದ್ದೇ. ಇನ್ನೊಂದು ಸಲ ಕಳಿಸಿದೆವು, ಮತ್ತೆ ಕತ್ತರಿಸಿದರು. ಮೂರನೆಯದನ್ನೂ ಕಳಿಸುತ್ತೇವೆ.

ಭರ್ತಿಗೆ ಹಗ್ಗ ಬೇಕು, ಒಪ್ಪುತ್ತೇವೆ. ಸಾವಿರ ಜನ ಬಂದಾಗ ಐವತ್ತು ಜನರನ್ನು ಆರಿಸಲು ಬೇರೆ ದಾರಿ ಇಲ್ಲ. ಆದರೆ ನಮ್ಮ ಹುಡುಗರಿಗೆ ಓಟ ಅಂದರೆ ಅದೊಂದೇ ಆಗಿ ಉಳಿದಿದೆ. ಹಗ್ಗದ ಈಚೆ ಉಳಿದವನು ಮರುದಿನದಿಂದ ಬೂಟು ಮೂಲೆಗೆ ಎಸೆಯುತ್ತಾನೆ. ಹುಡುಗಿಯರಂತೂ ಮದುವೆಯಾದ ಮೇಲೆ ಬಸ್ಸು ಹಿಡಿಯಲು ಬಿಟ್ಟರೆ ಓಡುವುದೇ ಇಲ್ಲ.

ಅದಕ್ಕೆ ಮುಂದಿನ ಜಾತ್ರೆಗೆ ನಮ್ಮೂರಲ್ಲಿ ಐದು ಕಿಲೋಮೀಟರಿನ ಒಂದು ಓಟ ಮಾಡಬೇಕು ಅಂತ ಇದ್ದೇವೆ. ಬೇಕಾಗುವುದು ಬಹಳವಿಲ್ಲ. ಠಾಣೆಗೆ ಒಂದು ಅರ್ಜಿ, ಆರೋಗ್ಯ ಕೇಂದ್ರದಿಂದ ಒಬ್ಬ ನರ್ಸಮ್ಮ, ನೀರಿನ ಎರಡು ಮೇಜು, ದಾರಿ ಕೂಡುವಲ್ಲಿ ನಿಲ್ಲಲು ಹತ್ತು ಜನ, ಶಾಲೆಯ ಹಾಲು. ವಯಸ್ಸಿನ ಮಿತಿ ಇಲ್ಲ, ಸಮಯದ ಮಿತಿ ಇಲ್ಲ. ಕೊನೆಯವರ ಹಿಂದೆ ಸೈಕಲ್ ತುಳಿಯುವ ಕೆಲಸಕ್ಕೆ ಆ ಎಮ್ಮೆ ಕಾಕಾನನ್ನು ಕೇಳಿದ್ದೇವೆ. "ಕಸಬರಿಗಿ ಯಾಕೋ?" ಅಂತ ನಕ್ಕರೂ ಒಪ್ಪಿಕೊಂಡಿದ್ದಾರೆ. ತಮ್ಮ ಆ ವಾರ ರಜೆ ಹಾಕಿ ಬರುತ್ತಾನೆ.

ಓಡಿದವರೆಲ್ಲರ ಹೆಸರು ಪಂಚಾಯಿತಿ ಗೋಡೆಗೆ ಅಂಟಿಸುತ್ತೇವೆ. ಕೆಳಗೆ ಒಂದೆರಡು ಸಾಲು ಖಾಲಿ ಇರುತ್ತವೆ.