ಎಣಿಕೆಗೆ ಸಿಗೋ ಪದದಲ್ಲಿ ಬರೆಯೋಣ



ಕಚೇರಿಯಲ್ಲಿ ಗುಮಾಸ್ತನಾಗಿ ದಿನಾ ಅರ್ಜಿ ಓದುವವನು ನಾನು. ನಮ್ಮ ಹುಡುಗರು ಇಂಗ್ಲಿಷಿನಲ್ಲಿ ಬರೆದುಕೊಟ್ಟರೆ ಕೆಲವರ ಕಣ್ಣು ವಿಷಯಕ್ಕೆ ಹೋಗಲ್ಲ, ‘ಇನ್ಫರ್ಮೇಶನ್ಸ್’ ಅನ್ನೋ ಪದಕ್ಕೆ ಹೋಗುತ್ತೆ. "ನೋಡ್ರೀ ಇವರ ಇಂಗ್ಲಿಷು" ಅಂತ ನಗು. ಆ ನಗುವಿನಲ್ಲೇ ಅರ್ಜಿ ಕಡತದ ಅಡಿ ಸೇರುತ್ತೆ.

ಇದು ದಡ್ಡತನ ಅಲ್ಲ ಸ್ವಾಮಿ. ಕನ್ನಡದಲ್ಲಿ ಮಾಹಿತಿಗಳು, ಸಾಕ್ಷ್ಯಗಳು, ಸಲಹೆಗಳು ಎಲ್ಲಾ ಸರಿ. ಇಂಗ್ಲಿಷಿನಲ್ಲಿ ಇನ್ಫರ್ಮೇಶನ್, ಎವಿಡೆನ್ಸ್, ಅಡ್ವೈಸ್ ಇವಕ್ಕೆ ಕೊನೆಗೆ ‘ಎಸ್’ ಹತ್ತಲ್ಲ. ‘ಮೆನಿ’ ಅನ್ನಬಾರದು, ‘ಮಚ್’ ಅನ್ನಬೇಕು. ಅವು ಹಿಟ್ಟಿದ್ದ ಹಾಗೆ. ನಾವೂ ‘ಮೂರು ಹಿಟ್ಟು’ ಅನ್ನಲ್ಲ, ಮೂರು ಸೇರು ಹಿಟ್ಟು ಅಂತೀವಿ. ಹಾಗೇ ‘ತ್ರೀ ಪೀಸಸ್ ಆಫ್ ಎವಿಡೆನ್ಸ್’. 2005ರ ಕಾಯ್ದೆಯ ಹೆಸರೇ ‘ರೈಟ್ ಟು ಇನ್ಫರ್ಮೇಶನ್’. ಅದು ನೆನಪಿದ್ದರೆ ‘ಎಸ್’ ತಾನಾಗಿ ಬಿಟ್ಟುಹೋಗುತ್ತೆ.

ನಗೋರ ಬಾಯಿ ಮುಚ್ಚಿಸೋಕೆ ಮಾತ್ರ ಇದನ್ನು ಹೇಳ್ತಿಲ್ಲ. ‘ಡಿಸ್ಕ್ರಿಮಿನೇಶನ್’ ಕೂಡ ಎಣಿಕೆಗೆ ಸಿಗದ ಪದ. ‘ನಮ್ಮೂರಲ್ಲಿ ಡಿಸ್ಕ್ರಿಮಿನೇಶನ್ ಇದೆ’ ಅಂತಷ್ಟೇ ಬರೆದರೆ ವ್ಯಾಕರಣ ಸರಿ, ಆದರೆ ಓದಿದ ಸಾಹೇಬರು ‘ಪರಿಶೀಲಿಸಲಾಗುವುದು’ ಅಂತ ಒಂದು ಸಾಲು ಗೀಚಿ ಮುಗಿಸ್ತಾರೆ. ‘ಇನ್ಸಿಡೆಂಟ್’ ಎಣಿಕೆಗೆ ಸಿಗುತ್ತೆ. ‘ತ್ರೀ ಇನ್ಸಿಡೆಂಟ್ಸ್ ಆಫ್ ಡಿಸ್ಕ್ರಿಮಿನೇಶನ್’ ಅಂತ ಬರೆಯಿರಿ. ಒಂದು, ಹೋಟೆಲಲ್ಲಿ ಬೇರೆ ಲೋಟ. ಎರಡು, ಕ್ಷೌರ ಮಾಡಲ್ಲ ಅಂದದ್ದು. ಮೂರು, ಗುಡಿ ಬಾಗಿಲಲ್ಲಿ ತಡೆದದ್ದು. ದಿನಾಂಕ, ಜಾಗ, ನೋಡಿದವರ ಹೆಸರು ಹಾಕಿ. ಆಗ ಒಂದಕ್ಕಲ್ಲ, ಮೂರಕ್ಕೂ ಉತ್ತರ ಕೇಳಬಹುದು.

1989ರ ದೌರ್ಜನ್ಯ ತಡೆ ಕಾಯ್ದೆಯ ಇಂಗ್ಲಿಷ್ ಹೆಸರಲ್ಲಿ ಇರೋದು ‘ಅಟ್ರಾಸಿಟೀಸ್’, ಬಹುವಚನ. ಅದರ 3ನೇ ಸೆಕ್ಷನ್ನು ಯಾವ್ಯಾವ ಕೃತ್ಯ ಅಪರಾಧ ಅಂತ ಒಂದೊಂದಾಗಿ ಪಟ್ಟಿ ಮಾಡುತ್ತೆ. ನಮ್ಮ ದೂರೂ ಹಾಗೇ ಒಂದೊಂದಾಗಿ ಇರಲಿ. ‘ಎಂಪ್ಲಾಯ್‌ಮೆಂಟ್’ ಕೇಳಿದರೆ ಭರವಸೆ ಸಿಗುತ್ತೆ. ಬ್ಯಾಕ್‌ಲಾಗ್ ‘ಪೋಸ್ಟ್ಸ್’ ಎಷ್ಟು ಖಾಲಿ ಅಂತ ಕೇಳಿದರೆ ಅವರು ಸಂಖ್ಯೆ ಹುಡುಕಬೇಕಾಗುತ್ತೆ.

ಮಾಹಿತಿ ಹಕ್ಕಿನ ಅರ್ಜಿ ಕನ್ನಡದಲ್ಲೇ ಕೊಡಬಹುದು, ಕಾಯ್ದೆಯಲ್ಲೇ ಇದೆ. ಅಂಜಬೇಡಿ. ಇಂಗ್ಲಿಷಿನಲ್ಲಿ ಬರೆಯಲೇಬೇಕಾದಾಗ ಕೇರಿಯ ಮಕ್ಕಳನ್ನ ಪಕ್ಕದಲ್ಲಿ ಕೂರಿಸ್ಕೊಂಡು ಬರೆಯಿರಿ. ಎಲ್ಲಿ ‘ಎಸ್’ ಬರುತ್ತೆ ಅನ್ನೋದರ ಜೊತೆ, ಏನನ್ನು ಎಣಿಸಿ ಇಡಬೇಕು ಅನ್ನೋದೂ ಅವಕ್ಕೆ ಗೊತ್ತಾಗಲಿ.

ಜೈಭೀಮ್.