ಮೂಲ ನೋಡಿದೆಯಾ?

ಸಂಪ್ರಬಂಧದ ಕರಡನ್ನು ಮಾರ್ಗದರ್ಶಕರ ಮೇಜಿನ ಮೇಲಿಟ್ಟು ಬಂದ ದಿನ ಆ ಎಂ.ಎ. ವಿದ್ಯಾರ್ಥಿನಿಯ ಮನಸ್ಸು ಹತ್ತಿಯಷ್ಟು ಹಗುರವಾಗಿತ್ತು. ಅರುವತ್ತು ಪುಟ, ವಿಷಯ, ನಾಗಚಂದ್ರನ ‘ರಾಮಚಂದ್ರಚರಿತಪುರಾಣ’ದ ರಾವಣ. ಹಾಸ್ಟೆಲಿನ ಗೆಳತಿಯರಿಗೆ ಕಾಫಿ ಕೊಡಿಸಿದ್ದೂ ಆಯಿತು. ಬೈಂಡಿಂಗಿಗೆ ಯಾವ ಬಣ್ಣದ ರಟ್ಟು ಎಂಬುದೊಂದೇ ಉಳಿದಿದ್ದ ಚಿಂತೆ.

ವಾರ ಕಳೆದು ಕರಡು ಹಿಂದಿರುಗಿತು. ಕಾಗುಣಿತದ ತಪ್ಪುಗಳಿಗೆ ಅಲ್ಲಲ್ಲಿ ಗೀಟು. ಮೂರನೆಯ ಅಧ್ಯಾಯದಲ್ಲಿ ಮಾತ್ರ, ಅವಳು ಬಹು ಪ್ರೀತಿಯಿಂದ ಬರೆದಿದ್ದ ವಾಕ್ಯವೊಂದರ ಪಕ್ಕದಲ್ಲಿ, ಕೆಂಪು ಶಾಯಿಯಲ್ಲಿ ಎರಡೇ ಮಾತು: “ಮೂಲ ನೋಡಿದೆಯಾ?”

ರಾವಣನ ಎದೆಯಲ್ಲಿ ಪಶ್ಚಾತ್ತಾಪವನ್ನು ಮೊಳೆಯಿಸಿದ್ದು ನಾಗಚಂದ್ರನ ಸ್ವಂತ ಪ್ರತಿಭೆ, ಇಂಥ ರಾವಣ ಅವನಿಗಿಂತ ಹಿಂದೆ ಇರಲಿಲ್ಲ, ಎಂಬುದು ಆ ವಾಕ್ಯ. ಒಲ್ಲದ ಹೆಣ್ಣನ್ನು ಮುಟ್ಟೆನೆಂದು ವ್ರತ ತೊಟ್ಟವನು ಈ ರಾವಣ. ರಾಮನಿಗೆ ಕೇಡೆಂದು ಕೇಳಿದೊಡನೆ ಸೀತೆ ಮೂರ್ಛೆಹೋಗುತ್ತಾಳೆ. ಅದನ್ನು ಕಂಡು ಅವನ ಮನಸ್ಸು ತಿರುಗುತ್ತದೆ. ಆದರೂ ಈಗಲೇ ಒಪ್ಪಿಸಿದರೆ ಅಂಜಿದನೆಂದಾರು. ರಾಮಲಕ್ಷ್ಮಣರನ್ನು ಗೆದ್ದು, ಸೆರೆಹಿಡಿದು, ಆಮೇಲೆ ಒಪ್ಪಿಸುವೆನೆಂದು ಯುದ್ಧಕ್ಕೆ ಹೊರಡುತ್ತಾನೆ. ಜೈನ ಪರಂಪರೆಯಲ್ಲಿ ಅವನು ಪ್ರತಿವಾಸುದೇವ, ವಾಸುದೇವನಾದ ಲಕ್ಷ್ಮಣನ ಕೈಯಲ್ಲೇ ಮಡಿಯಬೇಕಾದವನು. ಬಿ.ಎಂ.ಶ್ರೀ. ಅವರು ಈ ರಾವಣನಲ್ಲಿ ದುರಂತನಾಯಕನನ್ನು ಕಂಡು ಇಂಗ್ಲಿಷಿನಲ್ಲಿ ಪ್ರಬಂಧ ಬರೆದರು. ಹುಡುಗಿ ಓದಿದ್ದುದು ಆ ಪ್ರಬಂಧವನ್ನಲ್ಲ. ಅದರ ಮೇಲೆ ಬರೆದವರ ಮೇಲೆ ಬರೆದವರನ್ನು. ಪರೀಕ್ಷೆಯ ಓದು ಬಹುಮಟ್ಟಿಗೆ ಹಾಗೆಯೇ ಅಲ್ಲವೇ?

ಗ್ರಂಥಾಲಯದಲ್ಲಿ ವಿಮಲಸೂರಿಯ ‘ಪಉಮಚರಿಯ’ ಅನುವಾದದೊಡನೆ ಸಿಕ್ಕಿತು. ನಾಗಚಂದ್ರನಿಗಿಂತ ಎಷ್ಟೋ ಶತಮಾನ ಹಿಂದಿನ ಪ್ರಾಕೃತ ಕಾವ್ಯ. ಪುಟ ಮಗುಚುತ್ತ ಮಗುಚುತ್ತ ಅವಳ ಕೈ ತಣ್ಣಗಾಯಿತು. ಅದೇ ವ್ರತ, ಅದೇ ಮೂರ್ಛೆ, ಗೆದ್ದು ಒಪ್ಪಿಸುವೆನೆಂಬ ಅದೇ ಸಂಕಲ್ಪ! ೭ನೆಯ ಶತಮಾನದ ರವಿಷೇಣನು ಸಂಸ್ಕೃತದ ‘ಪದ್ಮಪುರಾಣ’ದಲ್ಲಿ ಹಿಡಿದುದೂ ಈ ಹಾದಿಯನ್ನೇ. ಹದಿನೆಂಟು ಪುಟದ ಅಧ್ಯಾಯ ನಿಂತಿದ್ದ ಒಂದೇ ಕಂಬ ಮುರಿದುಬಿತ್ತು.

ಒಪ್ಪಿಸಲು ಉಳಿದಿದ್ದುದು ಎಂಟು ದಿನ. ರಾತ್ರಿ ಅವಳಿಗೆ ಉಪಾಯವೊಂದು ಹೊಳೆಯಿತು. “ಇರಲಿಲ್ಲ” ಎಂಬುದನ್ನು “ಇಷ್ಟು ಸ್ಫುಟವಾಗಿ ಇರಲಿಲ್ಲ” ಎಂದು ತಿದ್ದಿದರೆ? ಒಂದೆರಡು ಪದಗಳಲ್ಲಿ ಅಧ್ಯಾಯ ಉಳಿಯುತ್ತದೆ. ವಿಮರ್ಶೆಯ ಮುರುಕು ಮನೆಗಳಿಗೆ ‘ಸ್ಫುಟವಾಗಿ’ ಎಂಬ ಪದ ಎಷ್ಟು ಕಾಲದಿಂದ ಊರುಗೋಲಾಗಿದೆಯೋ!

ಮೇಷ್ಟರು ಅದನ್ನು ಓದಿ ಕನ್ನಡಕ ತೆಗೆದರು. “ಸ್ಫುಟವಾಗಿ ಅಂದರೆ ಯಾವ ಪದ್ಯದಲ್ಲಿ? ತೋರಿಸಮ್ಮ.”

“ನೋಡಿಕೊಂಡು ಬರ್ತೀನಿ, ಸಾರ್,” ಎಂದಳು. ಮುಖ ಕೆಂಪೇರಿತ್ತು.

ಆ ಸಂಜೆಯಿಂದ ಎರಡು ಗ್ರಂಥಗಳೂ ಮಂಚದ ಮೇಲೆ ಪಕ್ಕಪಕ್ಕದಲ್ಲಿ ಬಿದ್ದವು. ಅಲ್ಲಿ ೧೧೮ ಅಧ್ಯಾಯ, ಇಲ್ಲಿ ೧೬ ಆಶ್ವಾಸ. ಕಥೆ ಯಾರದೆಂಬ ಪ್ರಶ್ನೆ ಬಿಟ್ಟಮೇಲೆ, ಕಥೆಯನ್ನು ಕನ್ನಡ ಹೇಗೆ ನುಡಿದಿದೆಯೆಂಬುದು ಕಾಣತೊಡಗಿತು. ಎಲ್ಲರೂ ಉದಾಹರಿಸುವ, ಮೇರೆ ಮೀರುವ ಕಡಲಿನ ಹೋಲಿಕೆಯ ಪದ್ಯವನ್ನು ಅವಳು ಪಶ್ಚಾತ್ತಾಪದ ಭಾಗದಲ್ಲಿ ಸೇರಿಸಿದ್ದಳು. ತೆರೆದು ನೋಡಿದರೆ ಅದು ಬರುವುದು ಬಹಳ ಮೊದಲು, ಸೀತೆಯನ್ನು ಕಂಡು ರಾವಣನ ಮನಸ್ಸು ಜಾರುವಲ್ಲಿ! ಅವನು ಬೀಳುವ ಗಳಿಗೆಯಲ್ಲೇ ಕವಿಯ ಕನಿಕರ ಬಂದು ನಿಂತಿದೆ. ಇದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಆ ಪದ್ಯವೊಂದಕ್ಕೇ ನಾಲ್ಕು ಪುಟ ಬರೆದಳು.

ಪ್ರೀತಿಯ ವಾಕ್ಯಕ್ಕೆ ಅಡಿಕೋಲು ಇಟ್ಟು ತಾನೇ ಗೀಟೆಳೆದಳು. ಹದಿನೆಂಟು ಪುಟದ ಅಧ್ಯಾಯ ಹನ್ನೊಂದಕ್ಕೆ ಇಳಿಯಿತು.

ಎರಡು ದಿನ ಉಳಿದಿರುವಾಗ ಕರಡು ಮತ್ತೆ ಕೈಗೆ ಬಂತು. ಮೂರನೆಯ ಅಧ್ಯಾಯದಲ್ಲಿ ಕೆಂಪು ಶಾಯಿಯ ಸುಳಿವಿರಲಿಲ್ಲ. ನಿಟ್ಟುಸಿರು ಬಿಟ್ಟು ಹಾಳೆ ತಿರುವಿದಳು. ನಾಲ್ಕನೆಯ ಅಧ್ಯಾಯದ ಎರಡನೆಯ ಪುಟದ ಅಂಚಿನಲ್ಲಿ, ಅದೇ ಕೈಬರಹದಲ್ಲಿ, ಈ ಸಲ ಒಂದೇ ಮಾತು: “ಮೂಲ?”